ಸೋಮವಾರದ ಉಸಿರು

ಶ್ರೀ ಗುರುಬಸವಲಿಂಗಾಯ ನಮಃ

ದಾವಣಗೆರೆ
18-2-1998, ಬುಧವಾರ

ಚಿರಂಜೀವಿ ಅಂಕಿತಾಳಿಗೆ ನಿನ್ನ ಕಸ್ತೂರಮ್ಮ ದೊಡ್ಡಮ್ಮ ಮಾಡುವ ಆಶೀರ್ವಾದ.

ಶಿವನ ದಯದಿಂದ ನಾವಿಲ್ಲಿ ಸುಖವಾಗಿದ್ದೇವೆ. ನೀನು ಮುಂಬಯಿ ತಲುಪಿದೆ ಎಂದು ಹರಿಹರದಿಂದ ನಿಮ್ಮವ್ವ ಹೇಳಿ ಕಳಿಸಿದ್ದಳು. ಭಾನುವಳ್ಳಿ ಶಾಲೆಯಲ್ಲಿ ನಾನೂ ಅವಳೂ ಒಂದೇ ಮಣೆಯ ಮೇಲೆ ಕೂತವರು. ಅವಳ ಮಗಳು ದೊಡ್ಡ ಓದು ಓದಿ ನಮ್ಮ ಅರಳೆ ಶೆಡ್ಡಿಗೇ ಬಂದು ಕೂತದ್ದನ್ನು ನಾನು ಕಂಡಕಂಡವರಿಗೆಲ್ಲ ಹೇಳುತ್ತಿದ್ದೇನೆ.

ನೀನು ಹೋದ ಮೇಲೆ ಶೆಡ್ಡು ಭಣಭಣ ಅನ್ನಿಸುತ್ತಿದೆ. ಎದೆ ಅಳೆಯುವ ನಿನ್ನ ಊದುವ ಮಷೀನಿನ ಮಾತೇ ಇನ್ನೂ ಮುಗಿದಿಲ್ಲ. ಜೈನಾಬಿ ಊದಿದ ರಭಸಕ್ಕೆ ಬಾಯಲ್ಲಿದ್ದ ಅಡಿಕೆ ಹೋಳು ನಿನ್ನ ಕಾಗದದ ಮೇಲೆ ಬಿತ್ತಲ್ಲ, ಅದನ್ನು ಗಿರಿಯಮ್ಮ ದಿನಾ ಒಂದು ಸಲ ಆಡಿ ತೋರಿಸುತ್ತಾಳೆ. "ಡಾಕ್ಟ್ರಮ್ಮ, ಅಡಿಕಿನೂ ಲೆಕ್ಕಕ್ಕ ಹಿಡೀರಿ" ಅಂತ.

ಒಂದು ಮಾತು ಬರೆಯಲೇಬೇಕು. ಸೋಮವಾರ ನಾನು ಒಪ್ಪೊತ್ತು ಇರುವವಳು. ಹತ್ತು ಜನ ಬಾಯಿಟ್ಟ ಪೈಪಿಗೆ ಅವತ್ತು ಬಾಯಿ ಇಡಲಾರೆ ಎಂದಾಗ ನೀನು ವಾದ ಮಾಡಲಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿ ಕೊಡುತ್ತೇನೆ ಅಂದೆ. ಸ್ಪಿರಿಟ್ಟಿಗೆ ಎಂಜಲು ಹೋಗುತ್ತದೆಯೇ ತಾಯಿ ಎಂದು ನಾನು ನಕ್ಕೆ. ನಾನು ಒಲ್ಲೆ ಎಂದದ್ದಕ್ಕೆ ಉಳಿದವರೂ ಒಲ್ಲೆ ಎಂದರು. ಆಗಲಿ ದೊಡ್ಡಮ್ಮ ಎಂದು ನೀನು ಬುಧವಾರದಿಂದ ಶುರು ಮಾಡಿದೆ. ಹಿರಿಯರ ನೇಮಕ್ಕೆ ಬೆಲೆ ಕೊಡುವ ಹುಡುಗಿ ಎಂದು ನನ್ನ ಕಣ್ಣು ತುಂಬಿತು.

ಎದೆ ಬಿಗಿಯುತ್ತದೆಯೇ ಎಂದು ನೀನು ತಿರುಗಿ ತಿರುಗಿ ಕೇಳಿದೆ. ಇಲ್ಲವೆಂದೇ ಹೇಳಿದ್ದೇನೆ. ವ್ರತದ ದಿನ ಮೈ ಬಳಲುವುದು ಬೇರೆ ಮಾತು. ವ್ರತದ ಕಷ್ಟವನ್ನು ಬಾಯಿಬಿಟ್ಟು ಆಡಿದರೆ ಆ ವ್ರತ ಮಾಡಿದ ಹಾಗೇ ಅಲ್ಲ ಎಂದು ನಮ್ಮತ್ತೆಯವರು ಹೇಳುತ್ತಿದ್ದರು.

ಮಾಲೀಕರು ಮುರುಗೇಶಪ್ಪನವರು ನಿನ್ನೆ ಎಲ್ಲರೆದುರಿಗೆ ಅಂದರು: "ಆ ಹುಡುಗಿ ಏನು ಬರೀತಾಳೋ ಬರೀಲಿ. ಧೂಳಿಂದ ಎದಿ ಕೆಟ್ಟೈತೆ ಅಂತ ಬರೆದ್ರೆ, ಹಳೇ ಮಿಲ್ಲಿನಾಗ ಇದ್ದಂಥಾ ಧೂಳು ಎಳೆಯೋ ಫ್ಯಾನು ಹಾಕಿಸ್ತೀನಿ. ಏನಿಲ್ಲ ಅಂತ ಬರೆದ್ರೆ ಇನ್ನ ಫ್ಯಾನಿನ ಸುದ್ದಿ ಎತ್ತಬ್ಯಾಡ್ರಿ." ಹಣೆಯಲ್ಲಿ ವಿಭೂತಿ ಇಟ್ಟುಕೊಂಡೇ ಆಡಿದ ಮಾತು. ತಪ್ಪುವವರಲ್ಲ.

ಊಟ ತಿಂಡಿ ಬಿಡಬೇಡ.

ಇಂತು,
ಕಸ್ತೂರಮ್ಮ


ಮುಂಬಯಿ
6-3-1998

ದೊಡ್ಡಮ್ಮನವರಿಗೆ ಅಂಕಿತಾಳ ನಮಸ್ಕಾರಗಳು.

ನಿಮ್ಮ ಕಾಗದ ಓದುತ್ತಿದ್ದರೆ ಶೆಡ್ಡಿನ ಬಾಗಿಲಲ್ಲೇ ಕೂತ ಹಾಗಾಯಿತು. ಜೈನಾಬಿಯವರ ಅಡಿಕೆಯ ಕಲೆ ಇನ್ನೂ ಆ ಹಾಳೆಯ ಮೇಲಿದೆ. ನನ್ನ ಅಧ್ಯಯನ ನೋಡಿಕೊಳ್ಳುವ ಸರ್‌ಗೆ ಅದೇನೆಂದು ಹೇಳಿದೆ, ಅವರೂ ನಕ್ಕರು.

ನಾನು ಏನು ಬರೆಯುತ್ತಿದ್ದೇನೆ ಎಂದು ಶೆಡ್ಡಿನಲ್ಲಿದ್ದಾಗ ನೀವು ಕೇಳಿದ್ದಿರಿ. ಇಷ್ಟೇ ದೊಡ್ಡಮ್ಮ: ದಾವಣಗೆರೆಯ ದೊಡ್ಡ ಮಿಲ್ಲು ಮುಚ್ಚಿತು. ಅದರ ಮಷೀನುಗಳು ಮಾರಾಟವಾಗಿ ನಿಮ್ಮಂಥ ತಗಡಿನ ಶೆಡ್ಡುಗಳಿಗೆ ಬಂದವು. ಮಷೀನಿನ ಹಿಂದೆ ಧೂಳು ಬಂತು. ಆದರೆ ಮಿಲ್ಲಿನ ಫ್ಯಾನು, ಮಿಲ್ಲಿನ ಡಾಕ್ಟರು, ಮಿಲ್ಲಿನ ಸಂಘ ಯಾವುದೂ ಬರಲಿಲ್ಲ. ಹೀಗಾದಾಗ ಒಳಗೆ ಕೆಲಸ ಮಾಡುವವರ ಎದೆಗೆ ಏನಾಗುತ್ತದೆ ಎಂಬುದೇ ನನ್ನ ಅಧ್ಯಯನ.

ಸರ್ ಲೆಕ್ಕಗಳನ್ನು ನೋಡಿ ಒಂದೆರಡು ಪ್ರಶ್ನೆ ಕೇಳಿದರು. ಉತ್ತರ ಕೊಟ್ಟಿದ್ದೇನೆ. ಎಲ್ಲ ಸರಿಯಾಗಿ ನಡೆದರೆ ಈ ವರ್ಷವೇ ಪದವಿ ಕೈಗೆ ಬರುತ್ತದೆ. ಶೆಡ್ಡಿನೊಳಗೆ ಬಿಡಲು ಮುರುಗೇಶಪ್ಪನವರು ಹಾಕಿದ ಷರತ್ತಿನಂತೆ ಅವರಿಗೊಂದು ಪ್ರತಿ ಕಳಿಸಬೇಕು. ಮುಂದಿನ ತಿಂಗಳು ಕಳಿಸುತ್ತೇನೆ.

ನಿಮ್ಮ ವ್ರತದ ಮಾತು ಓದಿದೆ. ನಿಮ್ಮ ಶ್ರದ್ಧೆ ದೊಡ್ಡದು.

ನಿಮ್ಮ
ಅಂಕಿತಾ


ದಾವಣಗೆರೆ
22-4-1998, ಬುಧವಾರ

ಚಿ. ಅಂಕಿತಾಳಿಗೆ ಆಶೀರ್ವಾದ. ನಾವು ಕ್ಷೇಮ. ಇಲ್ಲಿ ಬಿಸಿಲು ತಗಡಿನ ಮೇಲೆ ರೊಟ್ಟಿ ಸುಡುವ ಹಾಗಿದೆ.

ನಿನ್ನ ವರದಿ ಮುರುಗೇಶಪ್ಪನವರಿಗೆ ಮುಟ್ಟಿತು. ಇಂಗ್ಲಿಷಿನಲ್ಲಿದ್ದದ್ದರಿಂದ ಅಳಿಯನ ಕೈಯಲ್ಲಿ ಓದಿಸಿ, ಮಧ್ಯಾಹ್ನ ಮಷೀನು ನಿಲ್ಲಿಸಿ ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿದರು. "ತಿನ್ರಿ ತಿನ್ರಿ. ನಿಮ್ಮ ಎದಿ ಎಲ್ಲಾ ಗಟ್ಟಿ ಅದಾವಂತ. ಮುಂಬಯಿ ಮಷೀನೇ ಹೇಳೈತೆ" ಅಂದರು. ಜೈನಾಬಿ ನನ್ನ ಕಿವಿಯಲ್ಲಿ, "ಫ್ಯಾನಿನ ರೊಕ್ಕದಾಗ ಮಿರ್ಚಿ ಬಂತು ನೋಡಕ್ಕ, ಖಾರ ಭಾಳ ಐತೆ" ಅಂದಳು.

ನನಗೆ ಸಂತೋಷವಾಯಿತೋ ಬೇಸರವಾಯಿತೋ ಹೇಳಲಾರೆ. ಫ್ಯಾನು ಬರುವುದಿಲ್ಲ ಎಂಬುದು ಒಂದು ಕಡೆ. ನಮಗೆ ಏನೂ ಆಗಿಲ್ಲ ಎಂಬುದು ಇನ್ನೊಂದು ಕಡೆ. ಓದಿದವಳು ಅಳೆದು ಹೇಳಿದ ಮೇಲೆ ನಂಬಬೇಕಲ್ಲ. ನನ್ನ ಮನಸ್ಸಿನಲ್ಲಿ ಒಂದು ಸಣ್ಣ ಅನುಮಾನವಿತ್ತು, ಅದೂ ಕಳೆಯಿತು. ನನ್ನದು ವ್ರತದ ಬಳಲಿಕೆಯೇ ಸೈ.

ಈಗ ನಾನು ನಿನ್ನನ್ನು ಕೇಳಬೇಕಾದ ಮಾತು. ಮುರುಗೇಶಪ್ಪನವರು ಇನ್ನೊಂದು ಹಳೆಯ ಮಷೀನು ಕೊಂಡಿದ್ದಾರೆ. ಶೆಡ್ಡಿನ ಹಿಂದಿನ ಸಾಲಿನಲ್ಲಿ ನಮಗೆ ಕೊಟ್ಟ ಕೋಣೆ ನಿನಗೆ ಗೊತ್ತು. ಮಿಲ್ಲು ಮುಚ್ಚಿ, ನಮ್ಮ ಯಜಮಾನರು ಲಿಂಗೈಕ್ಯರಾಗಿ, ಮಿಲ್ಲಿನ ಮನೆಯನ್ನೂ ಬಿಟ್ಟ ಮೇಲೆ ನಮಗೆ ಇರುವುದು ಆ ಒಂದು ಕೋಣೆ. ಈಗ ಪ್ರತಿ ಕೋಣೆಯಿಂದ ಇಬ್ಬರು ಹೆಂಗಸರು ಶೆಡ್ಡಿನ ಕೆಲಸಕ್ಕೆ ಬರಬೇಕು, ಇಲ್ಲದಿದ್ದರೆ ಬರುವವರಿಗೆ ಕೋಣೆ ಬಿಟ್ಟುಕೊಡಿ ಅನ್ನುತ್ತಿದ್ದಾರೆ. ನನ್ನ ಮಗ ಬಕ್ಕೇಶನೂ ಅವರದೇ ಲಗೇಜು ಆಟೋ ಓಡಿಸುವವನು. ನನ್ನ ಜೊತೆಗೆ ಸೊಸೆ ಆಶಾರಾಣಿಯೇ ಬರಬೇಕು. ನೀನು ನೋಡಿದ್ದೀಯಲ್ಲ, ದಿನವಿಡೀ ಹಾಡುತ್ತಲೇ ಇರುವ ಹುಡುಗಿ. ಅವಳನ್ನು ಗಂಟು ಬಿಚ್ಚುವ ಕಡೆಗೆ ಹಾಕುತ್ತಾರಂತೆ. ಅಲ್ಲಿಯೇ ಅರಳೆ ಹೆಚ್ಚು ಹಾರುವುದು. ಅರಳೆ ಹೊರಗೆ ಹಾರಿಹೋದರೆ ತೂಕ ಕಡಿಮೆಯಾಗುತ್ತದೆ ಎಂದು ಕಿಟಕಿಗೆ ಗೋಣಿ ತಟ್ಟು ಹೊಡೆದಿರುವುದೂ ಅಲ್ಲಿಯೇ.

ನಿಜ ಹೇಳು ತಾಯಿ. ನಿನ್ನ ವರದಿ ನೋಡಿಕೊಂಡು ಅವಳನ್ನು ಕಳಿಸಲೇ?

ಕಸ್ತೂರಮ್ಮ


ಮುಂಬಯಿ
3-5-1998

ದೊಡ್ಡಮ್ಮನವರಿಗೆ ನಮಸ್ಕಾರಗಳು.

ಪರೀಕ್ಷೆಯ ಗಡಿಬಿಡಿ. ಚುಟುಕಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ವರದಿಯಲ್ಲಿರುವುದು ನಾನು ಅಳೆದ ದಿನಗಳಲ್ಲಿ ಕಂಡದ್ದು. ಮುರುಗೇಶಪ್ಪನವರು ಅದನ್ನು ಸ್ವಲ್ಪ ಹಿಗ್ಗಿಸಿ ಹೇಳಿರಬಹುದು. ಆಶಾರಾಣಿ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ. ಗೋಣಿ ತಟ್ಟು ತೆಗೆಸಿ ಕಿಟಕಿ ತೆರೆದರೆ ಒಳ್ಳೆಯದು. ನೀರು ಚೆನ್ನಾಗಿ ಕುಡಿಯಲಿ.

ಅಮ್ಮ ಹೋಳಿಗೆ ಕಳಿಸಿದ್ದಳು. ನಿಮ್ಮ ನೆನಪಾಯಿತು.

ಅಂಕಿತಾ


ದಾವಣಗೆರೆ
24-6-1998, ಬುಧವಾರ

ಚಿ. ಅಂಕಿತಾಳಿಗೆ ಆಶೀರ್ವಾದ.

ಕಳಿಸಲೇ ಎಂದು ಕೇಳಿದ್ದೆ. ಬಟ್ಟೆ ಕಟ್ಟಿಕೊಳ್ಳಲಿ ಎಂದು ನೀನು ಬರೆದೆ. ಕಳಿಸು ಎಂದೇ ಹೇಳಿದ್ದೀಯ ಎಂದು ತಿಳಿದುಕೊಂಡೆ. ಬಸವಜಯಂತಿ ಕಳೆದ ಮೇಲೆ ಆಶಾರಾಣಿಗೆ ವಿಭೂತಿ ಹಚ್ಚಿ ಒಳಗೆ ಕರೆದುಕೊಂಡು ಹೋದೆ.

ಮೊದಲ ದಿನ ಅವಳು ಹೊರಗೆ ಬಂದಾಗ ರೆಪ್ಪೆ, ಹುಬ್ಬು, ತಲೆಯೆಲ್ಲ ಬೆಳ್ಳಗಾಗಿತ್ತು. ಬಕ್ಕೇಶನನ್ನು ಕರೆದು, "ನೋಡ್ರಿ, ನಿಮ್ಮವ್ವನಿಗಿಂತ ಮೊದ್ಲೇ ಮುದುಕಿ ಆದೆ" ಎಂದು ನಗಿಸಿದಳು. ಬಟ್ಟೆ ಕಟ್ಟಿಕೊಂಡರೆ ಹಾಡಲಾಗುವುದಿಲ್ಲ ಎಂದು ಕುತ್ತಿಗೆಗೆ ಇಳಿಸಿಕೊಳ್ಳುತ್ತಾಳೆ. ನಾನು ಬೈದರೆ ಏರಿಸುತ್ತಾಳೆ, ಆ ಕಡೆ ತಿರುಗಿದರೆ ಇಳಿಸುತ್ತಾಳೆ. ಕಿಟಕಿ ತೆರೆಯಲು ಮುರುಗೇಶಪ್ಪನವರು ಒಪ್ಪಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಎರಡು ಮೂರು ವಾರದಿಂದ ಅವಳು ವಾರದಲ್ಲಿ ಒಂದು ದಿನ ಹಾಡುವುದಿಲ್ಲ. ಉಳಿದ ದಿನ ಹಾಡುತ್ತಾಳೆ. ಮೊನ್ನೆ ಸೋಮವಾರ ಮಧ್ಯಾಹ್ನದ ಹೊತ್ತಿಗೆ ಗಂಟಿನ ಮೇಲೆ ಕೂತುಬಿಟ್ಟಳು. ಎದೆಯ ಮೇಲೆ ಯಾರೋ ಬೀಸುವ ಕಲ್ಲು ಇಟ್ಟ ಹಾಗೆ ಆಗುತ್ತದಂತೆ. ಅದೇ ಕಲ್ಲು ನನಗೆ ಗೊತ್ತು. ಪ್ರತಿ ಸೋಮವಾರ ಅದು ನನ್ನ ಎದೆಯ ಮೇಲೂ ಕೂತಿರುತ್ತದೆ. ನಾನು ಯಾರಿಗೂ ಹೇಳಿದವಳಲ್ಲ, ನಿನಗೂ ಹೇಳಲಿಲ್ಲ. ವ್ರತ ಹಿಡಿದದ್ದು ಮದುವೆಯಾದ ವರ್ಷ, ಕಲ್ಲು ಬಂದದ್ದು ಈ ಶೆಡ್ಡಿಗೆ ಬಂದ ಮೇಲೆ. ವಯಸ್ಸಾಯಿತು, ಉಪವಾಸ ತಡೆಯುತ್ತಿಲ್ಲ ಅಂದುಕೊಂಡಿದ್ದೆ.

"ಆಶಾ, ನೀನೂ ಗುಟ್ಟಾಗಿ ವ್ರತ ಹಿಡಿದೀಯೇನೇ?" ಎಂದು ಕೇಳಿದೆ.

"ಯಾ ವ್ರತಾನೂ ಇಲ್ರಿ ಅತ್ತೆ. ನೀವು ಪೂಜಿಗೆ ಕೂತಾಗ ಒಲಿ ಮುಂದೆ ಎರಡು ರೊಟ್ಟಿ ತಿಂದು ಬಂದೀನಿ. ತಿಂದೋಳ ಎದಿನ ಶಿವ ಯಾಕ ಹಿಡೀತಾನ?"

ಜೈನಾಬಿ ಪಕ್ಕದಲ್ಲೇ ಇದ್ದಳು. ನನ್ನ ಕಡೆ ತಿರುಗಿ ಅಂದಳು: "ಅಕ್ಕಾ, ನಾನು ಯಾವ ಸೋಮವಾರ ಮಾಡ್ತೀನಿ ಹೇಳು? ನನಗೂ ಸೋಮವಾರನೇ ಹಿಡಿಯೋದು. ಮಂಗಳವಾರ ಅರ್ಧ, ಬುಧವಾರ ಇಲ್ಲವೇ ಇಲ್ಲ. ನಿನ್ನ ದೇವರ ದಿನ ಅಂತ ಬಾಯಿ ಬಿಡಲಿಲ್ಲ."

ಅಂಕಿತಾ, ಇದು ಏನು? ನೀನು ಬುಧವಾರದಿಂದ ಶನಿವಾರದ ತನಕ ಅಳೆದೆ. ಸೋಮವಾರ ಬೇಡ ಎಂದವಳು ನಾನು. ಸೋಮವಾರ ಊದಿದ್ದರೆ ನಿನ್ನ ಮಷೀನು ಬೇರೆ ಹೇಳುತ್ತಿತ್ತೇ?

ಕಸ್ತೂರಮ್ಮ


ಮುಂಬಯಿ
10-7-1998

ದೊಡ್ಡಮ್ಮ,

ಕಾಗದ ಬಂದು ಹಲವು ದಿನಗಳಾದವು. ಉತ್ತರಿಸಲು ತಡವಾಯಿತು. ನನ್ನ ಪ್ರಬಂಧ ಸಲ್ಲಿಕೆಯಾಗಿದೆ. ಮುಂದಿನ ತಿಂಗಳ ಕೊನೆಗೆ ಮೌಖಿಕ ಪರೀಕ್ಷೆ ಇದೆ.

ಹೊಸದಾಗಿ ಒಳಗೆ ಹೋದವರಿಗೆ ಮೊದಮೊದಲು ಹೀಗಾಗುವುದುಂಟು. ಆಶಾರಾಣಿಯನ್ನು ಒಬ್ಬ ಒಳ್ಳೆಯ ಡಾಕ್ಟರಿಗೆ ತೋರಿಸಿ. ನಿಮ್ಮ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಬಂದಾಗ ವಿವರವಾಗಿ ಮಾತಾಡೋಣ.

ಒಂದು ವಿನಂತಿ. ಸೋಮವಾರದ ಈ ಮಾತನ್ನು ಸದ್ಯಕ್ಕೆ ಮುರುಗೇಶಪ್ಪನವರ ಮುಂದೆ ಆಡಬೇಡಿ.

ಅಂಕಿತಾ


ದಾವಣಗೆರೆ
28-7-1998, ಮಂಗಳವಾರ

ಅಂಕಿತಾ,

ಡಾಕ್ಟರಿಗೆ ತೋರಿಸಿದೆವು. ಶುಕ್ರವಾರ ಸಂಜೆ ಬಿಡುವಾಯಿತು, ಶುಕ್ರವಾರವೇ ಹೋದೆವು. ಕೊಳವೆ ಇಟ್ಟು ನೋಡಿ, ಎದೆ ಚೊಕ್ಕ ಇದೆ, ಹೆದರಿಕೆಗೆ ಹೀಗಾಗುತ್ತದೆ ಎಂದು ಬಲಕ್ಕೆ ಗುಳಿಗೆ ಬರೆದುಕೊಟ್ಟರು. ಶುಕ್ರವಾರ ಅವಳು ಹಾಡುವ ದಿನ. ಅವರ ತಪ್ಪಲ್ಲ.

ನಿನ್ನ ಕಾಗದವನ್ನು ಜೈನಾಬಿಗೆ ಓದಿ ಹೇಳಿದೆ. "ಈ ಹುಡುಗಿ ಬಾಗಿಲು ಹಾಕ್ಕೊಂಡು ಒಳಗಿಂದ ಮಾತಾಡ್ತಾಳೆ" ಅಂದಳು. ನಾನು ಬೈದೆ. ಬೈದ ಮೇಲೆ ನನಗೂ ಹಾಗೇ ಅನ್ನಿಸಿತು.

ನಿನ್ನೆ ಶ್ರಾವಣದ ಮೊದಲ ಸೋಮವಾರ. ಮೂವತ್ತು ವರ್ಷದ ಮೇಲಾಯಿತು, ಶ್ರಾವಣ ಸೋಮವಾರ ಬೆಳಿಗ್ಗೆ ನಾನು ನೀರಿನ ಹೊರತು ಏನೂ ಮುಟ್ಟಿದವಳಲ್ಲ. ಬಕ್ಕೇಶನನ್ನು ಹೆತ್ತ ಬಾಣಂತಿಯಾಗಿದ್ದಾಗಲೂ ಬಿಡಲಿಲ್ಲ. ನಿನ್ನೆ ಆಶಾರಾಣಿಗೆ ರೊಟ್ಟಿ ಹಾಕು ಅಂದೆ. ಅವಳು ನನ್ನ ಮುಖ ನೋಡಿದಳು. "ಅತ್ತೆ, ಇವತ್ತು ಯಾವ ವಾರ ನೆನಪೈತಾ?" ಅಂದಳು. "ನೆನಪೈತೆ, ಹಾಕು" ಅಂದೆ.

ಲಿಂಗಪೂಜೆ ಮುಗಿಸಿ, ಅಂಗೈಯಲ್ಲಿ ಲಿಂಗ ಇರುವಾಗಲೇ ಶಿವನಿಗೆ ಹೇಳಿದೆ: ಅಪ್ಪಾ, ಹಸಿವಿಗೆ ತಿನ್ನುತ್ತಿಲ್ಲ. ನನ್ನ ಎದೆ ಹಿಡಿಯುವವನು ನೀನೇ ಎಂದು ಇಷ್ಟು ವರ್ಷ ಅಂದುಕೊಂಡೆ. ನೀನಲ್ಲದಿದ್ದರೆ ನಿನ್ನ ಮೇಲೆ ಅಪವಾದ ಹೊರಿಸಿದ ಹಾಗಾಯಿತು. ಅದನ್ನು ತೆಗೆಯಬೇಕು. ಹೀಗೆ ಹೇಳಿ ಎರಡು ರೊಟ್ಟಿ, ಹೆಸರುಕಾಳು ಪಲ್ಯ ಉಂಡೆ. ನೀರು ಕುಡಿದು ಇಳಿಸಿದೆ. ಆಶಾರಾಣಿ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ಅಳುತ್ತಿದ್ದಳೋ ಏನೋ.

ಹೊಟ್ಟೆ ತುಂಬಿಸಿಕೊಂಡು ಒಳಗೆ ಹೋದೆ. ಊಟದ ಗಂಟೆ ಹೊಡೆಯುವುದರೊಳಗೆ ಕಲ್ಲು ಬಂದು ಕೂತಿತು. ಎಂದಿನ ಹಾಗೆಯೇ.

ಶಿವನ ತಪ್ಪಿಲ್ಲ.

ನಾನು ನಿನ್ನ ಹತ್ತಿರ ದೊಡ್ಡದು ಕೇಳುತ್ತಿಲ್ಲ. ಆ ಮಷೀನು ತೆಗೆದುಕೊಂಡು ಒಂದು ಸೋಮವಾರ ಬಾ. ಆಶಾರಾಣಿಯ ಎದೆ ಅಳೆದು, ಕಂಡದ್ದನ್ನು ಬರೆದುಕೊಡು. ಆ ಕಾಗದ ತೋರಿಸಿ ಅವಳನ್ನು ಹೊರಗೆ ತರುತ್ತೇನೆ. ಬರೀ ನನ್ನ ಬಾಯಿಮಾತಿಗೆ ಮುರುಗೇಶಪ್ಪನವರು ಅವಳನ್ನು ಬಿಡುವುದಿಲ್ಲ. ಹಾಗೇ ಬಿಡಿಸಿದರೆ ಕೋಣೆ ಹೋಗುತ್ತದೆ, ಬಕ್ಕೇಶನ ಆಟೋ ಹೋಗುತ್ತದೆ. ಎಲ್ಲ ಬಾಗಿಲಿಗೂ ಒಬ್ಬರೇ ಕೀಲಿ ಹಾಕಿದ್ದಾರೆ.

ಕಸ್ತೂರಮ್ಮ


ದಾವಣಗೆರೆ
19-8-1998, ಬುಧವಾರ

ಅಂಕಿತಾ,

ಉತ್ತರ ಬರಲಿಲ್ಲ. ಹರಿಹರಕ್ಕೆ ಬಕ್ಕೇಶನನ್ನು ಕಳಿಸಿದೆ. ನೀನು ಆರೋಗ್ಯವಾಗಿದ್ದೀಯ ಎಂದು ನಿಮ್ಮವ್ವ ಹೇಳಿದಳಂತೆ. ಅಷ್ಟು ಸಾಕು.

ನಾನು ಕಾಯಲಾರದೆ ಮುರುಗೇಶಪ್ಪನವರ ಹತ್ತಿರ ಹೋದೆ. ಬೇಡ ಎಂದು ನೀನು ಬರೆದಿದ್ದೆ. ಆದರೆ ಆಶಾರಾಣಿ ಈ ತಿಂಗಳ ಮೊದಲ ಸೋಮವಾರ ಒಂದು ಮೆಟ್ಟಿಲು ಹತ್ತಿ ನಿಂತುಕೊಂಡಳು ತಾಯಿ. ಇಪ್ಪತ್ತೊಂದು ವರ್ಷದ ಹುಡುಗಿ.

ಅವರು ಕೆಟ್ಟವರಲ್ಲ. ಕೂರಿಸಿ ಚಹಾ ಕೊಡಿಸಿ, ಎಲ್ಲ ಕೇಳಿದರು.

"ಅಲ್ಲ ಕಸ್ತೂರಕ್ಕ, ಮುಂಬಯಿ ಮಷೀನಿಗೆ ಕಾಣದ್ದು ನಿನ್ನ ಸೊಸಿಗೆ ಕಂಡೈತಾ?"

"ಸೋಮವಾರ ಮಾತ್ರ ಕಾಣತೈತೆ ಅಪ್ಪಾಜಿ. ಭಾನುವಾರ ಹೊರಗಿದ್ದು ಸೋಮವಾರ ಒಳಗೆ ಬಂದ ಕೂಡ್ಲೆ ಹಿಡೀತೈತೆ. ಆಮೇಲೆ ಮೈ ಒಗ್ಗತೈತೆ."

ಅವರು ಲೋಟ ಕೆಳಗಿಟ್ಟರು. "ಅಂದ್ರೆ, ರಜೆ ಕೊಟ್ಟಿದ್ದಕ್ಕ ಎದಿ ಹಿಡೀತೈತೆ ಅಂತೀರಿ."

ಹೌದೆನ್ನಬೇಕೋ ಅಲ್ಲವೆನ್ನಬೇಕೋ ತಿಳಿಯದೆ ಗೋಣು ಹಾಕಿದೆ.

"ಮತ್ತೆ ಸುಲಭ ಆತಲ್ಲಕ್ಕ! ರಜೆನೇ ಬ್ಯಾಡ. ಏಳೂ ದಿನ ಬರ್ರಿ. ಭಾನುವಾರದ ಪಗಾರನೂ ಕೊಡ್ತೀನಿ. ಎದಿನೂ ಹಿಡಿಯಂಗಿಲ್ಲ, ಮಷೀನೂ ನಿಲ್ಲಂಗಿಲ್ಲ."

ಹಾಸ್ಯಕ್ಕೆ ಅಂದರು ಅಂದುಕೊಂಡೆ. ಮರುದಿನ ಬಾಗಿಲ ಮೇಲೆ ಸುಣ್ಣದಲ್ಲಿ ಬರೆಸಿದ್ದರು. ಭಾನುವಾರ ರಜೆ ಇಲ್ಲ.

ನಮ್ಮವರಿಗೇ ನಾನು ಮುಖ ತೋರಿಸದ ಹಾಗಾಗಿದೆ. ಗಿರಿಯಮ್ಮ ಎಲ್ಲರೆದುರಿಗೆ, "ನಿನ್ನ ಬಾಯಿಂದ ನಮ್ಮ ಭಾನುವಾರ ಹೋತು. ಇನ್ನ ನಾನು ತಲಿ ಎರ್ಕಳ್ಳೋದು ಯಾವತ್ತವ್ವ, ಸತ್ತ ಮೇಲಾ?" ಎಂದಳು. ಇನ್ನೊಬ್ಬಳು ರೊಕ್ಕ ಬರುವುದಾದರೆ ಬರಲಿ ಅಂದಳು. ಜಗಳವಾಡಲು ಯಾರಿಗೂ ಉಸಿರಿಲ್ಲ.

ಅವರು ಹೇಳಿದ್ದು ಒಂದು ರೀತಿಯಲ್ಲಿ ನಿಜವಾಯಿತು. ಈಗ ಸೋಮವಾರಕ್ಕೆಂದು ಬೇರೆಯಾಗಿ ಎದೆ ಹಿಡಿಯುವುದಿಲ್ಲ. ಎಲ್ಲ ದಿನವೂ ಸ್ವಲ್ಪ ಸ್ವಲ್ಪ ಹಿಡಿದೇ ಇರುತ್ತದೆ. ವಾರಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಆಶಾರಾಣಿ ಈಗ ಯಾವ ದಿನವೂ ಹಾಡುವುದಿಲ್ಲ. ಮುಖದ ಬಟ್ಟೆ ಇಳಿಸು ಅಂದರೂ ಇಳಿಸುವುದಿಲ್ಲ.

ಇನ್ನು ನೀನು ಬಂದರೂ ಅಳೆಯಲು ನಮ್ಮಲ್ಲಿ ಸೋಮವಾರ ಉಳಿದಿಲ್ಲ.

ಕಸ್ತೂರಮ್ಮ


ಮುಂಬಯಿ
20-8-1998

ದೊಡ್ಡಮ್ಮ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ನೀವು ರೊಟ್ಟಿ ತಿಂದು ಕಂಡುಕೊಂಡದ್ದು ನನಗೆ ಮೊದಲೇ ಗೊತ್ತಿತ್ತು. ಹತ್ತಿಯ ಧೂಳಿನಿಂದ ಬರುವ ಕಾಯಿಲೆ ರಜೆ ಮುಗಿಸಿ ಬಂದ ದಿನ ಎದ್ದು ಕಾಣುತ್ತದೆ. ವಾರ ಕಳೆದಂತೆ ಅಡಗುತ್ತದೆ. ವರ್ಷಗಳು ಹೋದರೆ ಅಡಗುವುದೂ ನಿಂತುಹೋಗುತ್ತದೆ. ಇದು ನಮಗೆ ಹೇಳಿಕೊಟ್ಟ ಮೊದಲ ಪಾಠ. ಸೋಮವಾರ ಅಳೆಯಬೇಕು ಎಂದೇ ನಾನು ಬಂದದ್ದು.

ನೀವು ಎಂಜಲು ಅಂದಿರಿ. ಕಾರಣ ಬಿಡಿಸಿ ಹೇಳಿದ್ದರೆ ನೀವು ಒಪ್ಪುತ್ತಿದ್ದಿರಿ, ಅದು ನನಗೆ ಗೊತ್ತು. ನಾನು ಹೇಳಲಿಲ್ಲ. ಹಿಂದಿನ ರಾತ್ರಿಯಷ್ಟೇ ಮಷೀನು ಹೊತ್ತುಕೊಂಡು ಹರಿಹರದಲ್ಲಿ ಇಳಿದಿದ್ದೆ. ದಣಿದಿದ್ದೆ. ಅಮ್ಮನ ಹತ್ತಿರ ಎರಡು ದಿನ ಇರುವ ಆಸೆಯಿತ್ತು. ನಿಮ್ಮ ನೇಮಕ್ಕೆ ಮರ್ಯಾದೆ ಕೊಟ್ಟವಳಂತೆ ಕಂಡು, ನನ್ನ ಅನುಕೂಲ ನೋಡಿಕೊಂಡೆ. ಮುಂದಿನ ಸೋಮವಾರಕ್ಕೆ ಮಷೀನನ್ನು ಹಿಂದಿರುಗಿಸಬೇಕಿತ್ತು. ಸರ್ ಸೋಮವಾರ ಏಕಿಲ್ಲ ಎಂದು ಕೇಳಿದಾಗ ಅಂದು ಶೆಡ್ಡಿಗೆ ರಜೆ ಇತ್ತು ಎಂದು ಸುಳ್ಳು ಹೇಳಿದೆ. ನೀವು ಕಳಿಸಲೇ ಎಂದು ಕೇಳಿದಾಗ ಬೇಡ ಎನ್ನಬೇಕಿತ್ತು. ಎಂದಿದ್ದರೆ ಪ್ರಬಂಧ ಬೀಳುತ್ತಿತ್ತು.

ನಿನ್ನೆ ಸರ್‌ಗೆ ಎಲ್ಲ ಹೇಳಿದೆ. ಪ್ರಬಂಧ ವಾಪಸ್ಸು ಪಡೆದಿದ್ದಾರೆ. ಈ ವರ್ಷದ ಪದವಿ ಇಲ್ಲ. ಮಷೀನು ಕೊಟ್ಟಿದ್ದಾರೆ. ಸೆಪ್ಟೆಂಬರ್ 7, ಸೋಮವಾರ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಇರುತ್ತೇನೆ. ಒಳಗೆ ಹೋಗುವ ಮೊದಲು ಒಮ್ಮೆ, ಸಂಜೆ ಹೊರಗೆ ಬಂದ ಮೇಲೆ ಒಮ್ಮೆ ಎಲ್ಲರೂ ಊದಬೇಕು. ಕಂಡದ್ದನ್ನು ಕನ್ನಡದಲ್ಲೇ ಬರೆದು ನಿಮ್ಮ ಕೈಗೆ ಕೊಡುತ್ತೇನೆ.

ಒಂದೇ ಒಂದು ಕೋರಿಕೆ. ಹಿಂದಿನ ದಿನ ಭಾನುವಾರ ಎಲ್ಲರೂ ಎಂದಿನಂತೆ ರಜೆಯಲ್ಲಿ ಮನೆಯಲ್ಲಿರಲಿ. ಅದು ತಪ್ಪಿದರೆ ಏನೂ ಕಾಣುವುದಿಲ್ಲ.

ಕ್ಷಮಿಸಿ ಎನ್ನುವ ಮುಖ ನನಗಿಲ್ಲ.

ಅಂಕಿತಾ


ದಾವಣಗೆರೆ
28-8-1998, ಶುಕ್ರವಾರ

ಚಿ. ಅಂಕಿತಾಳಿಗೆ ಆಶೀರ್ವಾದ.

ನಿನ್ನ ಕಾಗದ ನನ್ನ ಕಾಗದಕ್ಕೆ ದಾರಿಯಲ್ಲಿ ಎದುರಾಗಿ ಹೋಗಿರಬೇಕು. ಭಾನುವಾರ ಮನೆಯಲ್ಲಿರಲಿ ಎಂದು ನೀನು ಬರೆದದ್ದನ್ನು ಓದಿ ನಕ್ಕೆ. ನಗು ಕೆಮ್ಮಾಯಿತು. ಆಶಾರಾಣಿ ಬೆನ್ನು ತಿಕ್ಕಿದಳು.

ನಿನ್ನ ಮೇಲೆ ಸಿಟ್ಟು ಬಂತು. ಸುಳ್ಳು ಬರೆಯುವುದಿಲ್ಲ. ಎರಡು ದಿನ ನಿನ್ನ ಹೆಸರು ಬಾಯಲ್ಲಿ ಬರಲಿಲ್ಲ. ಎಂಜಲು ಎಂದು ಬಾಗಿಲು ಹಾಕಿದವಳು ನಾನು, ಹಾಕಿದ ಬಾಗಿಲ ಹಿಂದೆ ನೆರಳು ಕಂಡುಕೊಂಡವಳು ನೀನು. ನಡುವೆ ಸಿಕ್ಕಿದವಳು ಆ ಹುಡುಗಿ. ಅವಳನ್ನು ಮೊದಲು ತೆಗೆಯೋಣ. ಸಿಟ್ಟು ಎಲ್ಲಿಗೂ ಓಡಿಹೋಗುವುದಿಲ್ಲ.

ನಿನ್ನೆ ಬೆಳಿಗ್ಗೆ ಮುರುಗೇಶಪ್ಪನವರ ಮನೆಗೇ ಹೋದೆ. ಪೂಜೆ ಮುಗಿಸಿ ಹೊರಗೆ ಬರುತ್ತಿದ್ದರು.

"ನಾನೊಂದು ವ್ರತ ಹಿಡಿದೀನಿ ಅಪ್ಪಾಜಿ" ಅಂದೆ.

"ಒಳ್ಳೇದಾತಲ್ಲಕ್ಕ. ಯಾವ ವ್ರತ?"

"ಭಾನುವಾರ ಅರಳಿ ಮುಟ್ಟಂಗಿಲ್ಲ. ಅರಳಿ ಇದ್ದಲ್ಲಿ ಕಾಲಿಡಂಗಿಲ್ಲ."

ಅವರು ನನ್ನನ್ನೇ ನೋಡಿದರು. "ಇಂಥಾ ವ್ರತ ಯಾ ಪುರಾಣದಾಗೈತೆ?"

"ಪುರಾಣ ನಾ ಓದಿಲ್ಲ. ನನ್ನ ಎದ್ಯಾಗೈತೆ."

"ಮುಂಬಯಿ ಹುಡುಗಿ ಹೇಳಿಕೊಟ್ಟಾಳೇನು?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಆಕಿ ಏಳನೇ ತಾರೀಕು ಸೋಮವಾರ ಬರ್ತಾಳೆ. ಆದ್ರೆ ವ್ರತ ನಂದು" ಅಂದೆ. ಇನ್ನು ಆಯಿತು ಎಂದುಕೊಂಡೆ. ಆಗ ಒಳಗಿಂದ ಅವರ ಹೆಂಡತಿ, "ವ್ರತ ಅಂದೋರನ್ನ ತಡೀಬ್ಯಾಡ್ರಿ, ಮನಿಗೆ ಒಳ್ಳೇದಲ್ಲ" ಎಂದರು. ಅವರು ಹೆಗಲ ಮೇಲಿನ ವಸ್ತ್ರ ಸರಿ ಮಾಡಿಕೊಂಡರು, ಮತ್ತೆ ಸರಿ ಮಾಡಿಕೊಂಡರು.

"ಒಂದು ಭಾನುವಾರ. ಬರೋ ಆರನೇ ತಾರೀಕು ಒಂದೇ. ವ್ರತ ಹಿಡಿದೋರಿಗಷ್ಟೇ. ಅದು ಕಳೆದ ಮ್ಯಾಲೆ ವ್ರತ ಬೇಕೋ ಕೋಣಿ ಬೇಕೋ ನೀವೇ ಕೂತು ವಿಚಾರ ಮಾಡ್ರಿ."

ಇಷ್ಟು ಸಿಕ್ಕಿದೆ. ಇದರಾಚೆ ಏನೂ ಸಿಕ್ಕಿಲ್ಲ. ನಿನ್ನ ಮಷೀನು ಏನು ಹೇಳಿದರೂ ಅವರು ಫ್ಯಾನು ಹಾಕಿಸುತ್ತಾರೋ, ನಮ್ಮ ಪಾತ್ರೆ ಬೀದಿಗೆ ಇಡಿಸುತ್ತಾರೋ ಶಿವನೇ ಬಲ್ಲ. ಬಕ್ಕೇಶ ಮೊದಲು ಕೂಗಾಡಿದ, ಆಮೇಲೆ ಹೆಂಡತಿ ಮೆಟ್ಟಿಲ ಮೇಲೆ ನಿಂತದ್ದನ್ನು ನೋಡಿ ಆಗಲಿ ಅಂದ.

ಇದು ಸುಳ್ಳು ವ್ರತವೇ ಎಂದು ರಾತ್ರಿಯೆಲ್ಲ ನನ್ನನ್ನು ನಾನೇ ಕೇಳಿಕೊಂಡೆ. ಅಲ್ಲ ಅನ್ನಿಸುತ್ತದೆ. ಉಸಿರು ಶಿವನದು, ಅದನ್ನು ಕಾಯುವುದೂ ಒಂದು ನೇಮವೇ.

ಶೆಡ್ಡಿನಲ್ಲಿ ಹೇಳಿದೆ. ಆಶಾರಾಣಿ ತಾನೂ ಹಿಡಿಯುತ್ತೇನೆ ಅಂದಳು. ಜೈನಾಬಿ, "ನಮ್ಮಾಗ ಇಂಥಾದ್ದಿಲ್ಲಕ್ಕ, ಆದ್ರೂ ಹಿಡೀತೀನಿ. ಅಲ್ಲಾ ಏನನ್ನಂಗಿಲ್ಲ, ನನ್ನ ಎದಿ ಆತನೇ ಕೊಟ್ಟಾನ" ಅಂದಳು. ಗಿರಿಯಮ್ಮ ಎದ್ದುಹೋದಳು. ಸಂಜೆ ಕೋಣೆಯ ಬಾಗಿಲಿಗೆ ಬಂದು, "ಆ ಭಾನುವಾರ ತಲಿ ಎರ್ಕಂತೀನಿ. ಅದನ್ನೇ ವ್ರತ ಅಂತ ಬರ್ಕೋ" ಎಂದು ಹೇಳಿ ಹೋದಳು.

ಸೋಮವಾರದ ಒಪ್ಪೊತ್ತನ್ನು ನಾನು ಮತ್ತೆ ಶುರು ಮಾಡಿದ್ದೇನೆ. ಏಳನೆಯ ತಾರೀಕೂ ಇರುತ್ತದೆ. ಅದಕ್ಕೆಂದು ನೀನು ದಿನ ಬದಲಿಸಬೇಡ. ಪೈಪನ್ನು ಮೊದಲು ಆಶಾರಾಣಿಗೆ ಕೊಡು, ಆಮೇಲೆ ಜೈನಾಬಿಗೆ, ಗಿರಿಯಮ್ಮನಿಗೆ. ಸ್ಪಿರಿಟ್ಟು ಇರಲಿ, ಇಲ್ಲದಿರಲಿ. ಅವರೆಲ್ಲ ಬಾಯಿಟ್ಟ ಮೇಲೆ ಕೊನೆಗೆ ನನಗೆ ಕೊಡು.

ಉಪವಾಸದ ಬಾಯಲ್ಲೇ ಊದುತ್ತೇನೆ.

ಕಸ್ತೂರಮ್ಮ